ಹಗಲು ಓಡುವ ಸರ್ವರ್ ರಾತ್ರಿ ಯಾಕೆ ಸಾಯುತ್ತದೆ? ಎಲಾಸ್ಟಿಕ್‌ಸರ್ಚ್, ಕಿಬಾನಾ ಬಗ್ಗೆ ಓದುಗರೊಬ್ಬರ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ಶಿವಮೊಗ್ಗ ಜಿಲ್ಲೆಯ ಒಂದು ಟ್ರಸ್ಟ್‌ನ ಗ್ರಂಥಾಲಯದಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಸುಮಾರು 60 ಸಾವಿರ ಪುಸ್ತಕಗಳ ಪಟ್ಟಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಬಾಡಿಗೆ ಸರ್ವರ್ 4 ಜಿಬಿ ರ‍್ಯಾಮಿನದು, ಉಬುಂಟು ಇದೆ. ಹುಡುಕಾಟಕ್ಕೆ ಎಲಾಸ್ಟಿಕ್‌ಸರ್ಚ್ 8, ಡ್ಯಾಶ್‌ಬೋರ್ಡಿಗೆ ಕಿಬಾನಾ ಹಾಕಿದೆ. ಹಗಲೆಲ್ಲ ಚೆನ್ನಾಗಿ ಓಡುತ್ತದೆ. ರಾತ್ರಿ ಪಟ್ಟಿಯನ್ನು ಪೂರ್ತಿ ಕಾಪಿ ಮಾಡುವ ಒಂದು ಪಿಎಚ್‌ಪಿ ಸ್ಕ್ರಿಪ್ಟ್ ಇದೆ. ಬೆಳಗ್ಗೆ ನೋಡಿದರೆ ‘ಕಿಬಾನಾ ಸರ್ವರ್ ಈಸ್ ನಾಟ್ ರೆಡಿ ಯೆಟ್’ ಅಂತ ಬಂದಿರುತ್ತದೆ, ಹುಡುಕಾಟವೂ ನಿಂತಿರುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಒಬ್ಬ ಗೆಳೆಯ ‘ಸೆಕ್ಯುರಿಟಿ ಆಫ್ ಮಾಡಿ, ಹೋಸ್ಟ್ 0.0.0.0 ಮಾಡು, ಎಲ್ಲ ಸರಿಯಾಗುತ್ತೆ’ ಅಂದ. ಇನ್ನೊಬ್ಬರು ‘ಅದಕ್ಕೆ 16 ಜಿಬಿ ಇಲ್ಲದೆ ಆಗಲ್ಲ, ಈಗ ದುಡ್ಡೂ ಕೊಡಬೇಕು’ ಅಂದರು. ಇದರ ಮೇಲೆ ‘ಊರು’ ಅಂತ ಹುಡುಕಿದರೆ ‘ಊರಿನ’ ಎಂದಿರುವ ಪುಸ್ತಕ ಬರುವುದೇ ಇಲ್ಲ. ಡ್ಯಾಶ್‌ಬೋರ್ಡ್ ಯಾವಾಗ ಅಂತ ಕಮಿಟಿಯವರು ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ:

ನೀವು ಇನ್‌ಸ್ಟಾಲ್ ಮಾಡಿದ್ದರಲ್ಲಿ ತಪ್ಪೇನೂ ಕಾಣುತ್ತಿಲ್ಲ. ತಪ್ಪಿದ್ದರೆ ಹಗಲೂ ಓಡುತ್ತಿರಲಿಲ್ಲ, ಅಲ್ವಾ? ಪ್ಯಾಕೇಜ್ ಹಾಕುವುದು ಹತ್ತು ನಿಮಿಷದ ಕೆಲಸ. ಮೆಮೊರಿಯಲ್ಲಿ ಯಾರಿಗೆಷ್ಟು, ಹೊರಗಿನಿಂದ ಯಾರು ಒಳಗೆ ಬರಬಹುದು ಎಂದು ಹೇಳದೆ ಬಿಟ್ಟರೆ ಸರ್ವರ್ ತಾನೇ ಏನೋ ಒಂದು ತೀರ್ಮಾನ ಮಾಡಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರುವುದು ಅದು. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ‘ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ’ ಎಂಬ ಮಾತು ಕೇಳಿದರೆ ನಾನು ಮೊದಲು ನೋಡುವುದು ಮೆಮೊರಿಯನ್ನು.

ರಾತ್ರಿ ಏನಾಗುತ್ತಿದೆ?

ಎಲಾಸ್ಟಿಕ್‌ಸರ್ಚ್ ಜಾವಾದಲ್ಲಿ ಬರೆದದ್ದು. ಶುರುವಾಗುವಾಗಲೇ ತನಗೆಂದು ಒಂದು ದೊಡ್ಡ ತುಂಡು ಮೆಮೊರಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಹೀಪ್ ಎನ್ನುತ್ತಾರೆ. ಎಷ್ಟು ಎಂದು ನೀವು ಹೇಳದಿದ್ದರೆ ನಿಮ್ಮಂಥ ಸರ್ವರ್‌ನಲ್ಲಿ ಒಟ್ಟು ರ‍್ಯಾಮಿನ ಅರ್ಧ ತೆಗೆದುಕೊಳ್ಳುತ್ತದೆ. 4 ಜಿಬಿಯಲ್ಲಿ 2 ಜಿಬಿ ಅಲ್ಲಿಗೇ ಹೋಯಿತು. ಈ ಸರ್ವರ್ ಪೂರ್ತಿ ತನ್ನದೇ ಎಂಬ ಲೆಕ್ಕದಲ್ಲಿ ಅದು ಅರ್ಧ ಕೇಳುತ್ತದೆ. ಪಕ್ಕದಲ್ಲಿ ಮೈಎಸ್‌ಕ್ಯೂಎಲ್, ವೆಬ್ ಸರ್ವರ್, ಕಿಬಾನಾ ಎಲ್ಲ ಸಂಸಾರ ಹೂಡಿರುವುದು ಅದಕ್ಕೆ ಗೊತ್ತಿಲ್ಲ.

ಹೀಪ್‌ನ ಆಚೆಗೂ ಅದಕ್ಕೆ ಮೆಮೊರಿ ಬೇಕು. ನೆಟ್‌ವರ್ಕ್ ಬಫರ್, ಥ್ರೆಡ್, ಜಾವಾದ ಒಳಗಿನ ಲೆಕ್ಕಪತ್ರ ಎಲ್ಲ ಸೇರಿ ಇನ್ನೊಂದು ಅರ್ಧ ಜಿಬಿಗೂ ಜಾಸ್ತಿ. ಇದು ಕೆಲಸ ಹೆಚ್ಚಿದಂತೆ ಬೆಳೆಯುತ್ತದೆ. ಕಿಬಾನಾ ಓಡುವುದು ನೋಡ್ ಜೆಎಸ್ ಮೇಲೆ. ನಾನು ನೋಡಿದ ಸರ್ವರ್‌ಗಳಲ್ಲಿ ಅದು 600ರಿಂದ 800 ಎಂಬಿ ತಿನ್ನುತ್ತದೆ. ಉಳಿದದ್ದರಲ್ಲಿ ಮೈಎಸ್‌ಕ್ಯೂಎಲ್ ಮತ್ತು ಲಿನಕ್ಸ್ ಹೇಗೋ ಉಸಿರಾಡುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ನಿಮ್ಮ ಪಿಎಚ್‌ಪಿ ಸ್ಕ್ರಿಪ್ಟ್ ಎದ್ದು 60 ಸಾವಿರ ಸಾಲನ್ನೂ ಒಂದೇ ಸಲ ಮೆಮೊರಿಗೆ ಎಳೆದುಕೊಳ್ಳುತ್ತದೆ.

ಎಲ್ಲೂ ಜಾಗ ಉಳಿಯದಿದ್ದಾಗ ಲಿನಕ್ಸ್ ಕರ್ನಲ್ ಯಾರಾದರೊಬ್ಬರನ್ನು ಕೊಲ್ಲುತ್ತದೆ. ಈ ಕೆಲಸಕ್ಕೆಂದೇ ಅದರಲ್ಲಿ ಓಓಎಂ ಕಿಲ್ಲರ್ ಎಂಬ ಏರ್ಪಾಟಿದೆ. ಅದು ಸಾಮಾನ್ಯವಾಗಿ ಆರಿಸುವುದು ಎಲ್ಲರಿಗಿಂತ ಜಾಸ್ತಿ ತಿಂದವನನ್ನು. ನಿಮ್ಮ ಸರ್ವರ್‌ನಲ್ಲಿ ಅದು ಎಲಾಸ್ಟಿಕ್‌ಸರ್ಚ್. ತಪ್ಪು ಮಾಡಿದ್ದು ಸ್ಕ್ರಿಪ್ಟ್, ಸತ್ತದ್ದು ಬೇರೆಯವರು. ಹೀಗಾಗಿಯೇ ಎಲಾಸ್ಟಿಕ್‌ಸರ್ಚ್‌ನ ಸ್ವಂತ ಲಾಗ್ ತೆರೆದರೆ ಏನೂ ಸಿಗುವುದಿಲ್ಲ. ‘ನಾನು ಸಾಯುತ್ತಿದ್ದೇನೆ’ ಎಂದು ಬರೆಯಲು ಅದಕ್ಕೆ ಪುರುಸೊತ್ತೇ ಸಿಕ್ಕಿರುವುದಿಲ್ಲ. ಕರ್ನಲ್ ಲಾಗ್ ತೆರೆದು ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಹುಡುಕಿ. ಅದೇ ಸಾಲಿನಲ್ಲಿ ‘ಜಾವಾ’ ಎಂಬ ಹೆಸರೂ, ರಾತ್ರಿ ಸ್ಕ್ರಿಪ್ಟ್ ಓಡಿದ ಸಮಯವೂ ಇದ್ದರೆ ಪತ್ತೆದಾರಿ ಅಲ್ಲಿಗೆ ಮುಗಿಯಿತು.

ಇನ್ನು ಬೆಳಗ್ಗೆ ಕಾಣುವ ಕಿಬಾನಾ ಸಂದೇಶ. ಅದನ್ನು ನೋಡಿ ಜನ ಕಿಬಾನಾವನ್ನೇ ತೆಗೆದು ಮತ್ತೆ ಹಾಕುತ್ತಾರೆ. ಪಾಪ, ಅದರ ತಪ್ಪೇನೂ ಇಲ್ಲ. ಕಿಬಾನಾ ತನ್ನ ಡ್ಯಾಶ್‌ಬೋರ್ಡ್, ಸೆಟ್ಟಿಂಗ್ ಎಲ್ಲವನ್ನೂ ಎಲಾಸ್ಟಿಕ್‌ಸರ್ಚ್‌ನೊಳಗೇ ಇಡುತ್ತದೆ. ಅದು ಸಿಗದಿದ್ದರೆ ‘ನಾನಿನ್ನೂ ರೆಡಿ ಇಲ್ಲ’ ಎನ್ನುತ್ತ ಕಾಯುತ್ತದೆ, ಅಷ್ಟೆ. ಎಲಾಸ್ಟಿಕ್‌ಸರ್ಚ್ ಜೀವಂತ ಇದ್ದೂ ಈ ಸಂದೇಶ ಬಂದರೆ ಬೇರೆ ಮೂರು ಕಡೆ ನೋಡಿ: ಪಾಸ್‌ವರ್ಡ್ ಅಥವಾ ಟೋಕನ್ (ಎರಡನ್ನೂ ಜೋಡಿಸಲು ಕೊಡುವ ಗುಪ್ತ ಸಂಕೇತ) ತಪ್ಪಿರಬಹುದು, ಎರಡರ ಆವೃತ್ತಿ ಹೊಂದದಿರಬಹುದು, ಡಿಸ್ಕ್ ತುಂಬಿರಬಹುದು.

ಜೀವಂತ ಇದೆಯೇ ಎಂದು ನೋಡುವಾಗಲೂ ಎಡವುವ ಜಾಗ ಒಂದಿದೆ. ಎಲಾಸ್ಟಿಕ್‌ಸರ್ಚ್ ಉತ್ತರ ಕೊಡುವ ಬಾಗಿಲಾದ 9200 ಪೋರ್ಟಿಗೆ ಕರ್ಲ್ ಕಮಾಂಡ್ ಕೊಡುವಾಗ ಹಳೆಯ ಅಭ್ಯಾಸದಂತೆ ಎಚ್‌ಟಿಟಿಪಿ ಎಂದು ಬರೆದರೆ ‘ಎಂಪ್ಟಿ ರಿಪ್ಲೈ’ ಎಂದು ಬರುತ್ತದೆ. ಸರ್ವರ್ ಕೆಟ್ಟಿದೆ ಎಂದು ಅರ್ಥವಲ್ಲ. 2022ರ ಫೆಬ್ರವರಿಯಲ್ಲಿ ಬಂದ 8ನೇ ಆವೃತ್ತಿಯಿಂದ ಹೊಸದಾಗಿ ಹಾಕಿದ ಎಲಾಸ್ಟಿಕ್‌ಸರ್ಚ್ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಮಾತಾಡುತ್ತದೆ. ಅದರ ಜೊತೆಗೆ ಬಂದ ಸರ್ಟಿಫಿಕೇಟ್ ಫೈಲನ್ನೂ ತೋರಿಸಬೇಕು.

ಗೆಳೆಯರ ಸಲಹೆಗಳು

‘ಸೆಕ್ಯುರಿಟಿ ಆಫ್ ಮಾಡು’ ಎಂಬುದನ್ನು ದಯವಿಟ್ಟು ಮಾಡಬೇಡಿ. ಮೆಮೊರಿ ಸಾಲದೆ ಸಾಯುವುದಕ್ಕೂ ಪಾಸ್‌ವರ್ಡಿಗೂ ಸಂಬಂಧವೇ ಇಲ್ಲ. ಆದರೂ ಈ ಸಲಹೆ ಎಲ್ಲೆಡೆ ಓಡಾಡುತ್ತದೆ. ಹಳೆಯ ಕಾಲದಲ್ಲಿ ಎಲಾಸ್ಟಿಕ್‌ಸರ್ಚ್‌ಗೆ ಪಾಸ್‌ವರ್ಡ್ ಹಾಕುವ ಸೌಲಭ್ಯಕ್ಕೇ ದುಡ್ಡು ಕೊಡಬೇಕಿತ್ತು. 2019ರ ಮೇ ತಿಂಗಳಲ್ಲಿ, 6.8 ಮತ್ತು 7.1ರಲ್ಲಿ, ಅದು ಉಚಿತವಾಯಿತು. ಅಷ್ಟರಲ್ಲಿ ‘ತೆರೆದಿಟ್ಟರೆ ಕೆಲಸ ಸಲೀಸು’ ಎಂಬ ರೂಢಿ ಬೇರೂರಿತ್ತು.

ಆ ರೂಢಿಯ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಣ್ಣ ಕಂಪನಿಯೊಂದರಲ್ಲಿ ಸೋಮವಾರ ಬೆಳಗ್ಗೆ ಬಂದು ನೋಡಿದರೆ ಇಂಡೆಕ್ಸ್‌ಗಳೆಲ್ಲ, ಅಂದರೆ ಎಲಾಸ್ಟಿಕ್‌ಸರ್ಚ್ ಡೇಟಾ ಇಡುವ ಕಟ್ಟುಗಳೆಲ್ಲ, ಮಾಯ. ಒಂದೇ ಒಂದು ಹೊಸ ಇಂಡೆಕ್ಸ್ ಇತ್ತು. ಅದರೊಳಗೆ ಇಷ್ಟು ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ. ‘ಟೆಸ್ಟಿಂಗಿಗೆ ಎರಡು ದಿನ ಸುಮ್ನೆ ತೆರೆದಿಟ್ಟಿದ್ದೆ’ ಎಂದ ಹುಡುಗನ ಮುಖ ಇನ್ನೂ ನೆನಪಿದೆ. ಇಂಥದ್ದು 2017ರ ಜನವರಿಯಲ್ಲಿ ಸಾವಿರಾರು ಸರ್ವರ್‌ಗಳಲ್ಲಿ ಆಯಿತು. 2020ರ ಜುಲೈಯಲ್ಲಿ ‘ಮಿಯಾಂವ್’ ಎಂಬ ದಾಳಿ ಬಂತು. ಅದು ದುಡ್ಡನ್ನೂ ಕೇಳಲಿಲ್ಲ. ತೆರೆದಿದ್ದ ಡೇಟಾ ಅಳಿಸಿ, ಆ ಜಾಗದಲ್ಲಿ ಬೆಕ್ಕಿನ ಕೂಗು ಬರೆದು ಹೋಯಿತು. ತೆರೆದ 9200 ಪೋರ್ಟ್ ಹುಡುಕುವವರು ಮನುಷ್ಯರಲ್ಲ, ಬಾಟ್‌ಗಳು. ನಿಮ್ಮದು ಸಣ್ಣ ಗ್ರಂಥಾಲಯ ಎಂದು ಅವು ಬಿಡುವುದಿಲ್ಲ.

ನಿಮ್ಮ ಗೆಳೆಯರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. 8ನೇ ಆವೃತ್ತಿ ಸೆಕ್ಯುರಿಟಿಯನ್ನು ತಾನೇ ಹೊಂದಿಸಿಕೊಳ್ಳುವಾಗ ಕಾನ್ಫಿಗ್ ಫೈಲಿನ ಕೊನೆಯಲ್ಲಿ ‘ಎಚ್‌ಟಿಟಿಪಿ ಡಾಟ್ ಹೋಸ್ಟ್’ ಎಂಬ ಸಾಲು ಬರೆದು, ಅದರಲ್ಲಿ 0.0.0.0 ಎಂದೇ ತುಂಬುತ್ತದೆ, ಎಲ್ಲ ಕಡೆಯಿಂದ ಬರುವ ಕರೆಗೂ ಓಗೊಡು ಎಂದು ಅದರರ್ಥ. ಅಂದರೆ ನಿಮ್ಮ 9200 ಪೋರ್ಟ್ ಈಗಲೇ ಹೊರಗಿನ ಕಡೆಗೂ ತೆರೆದಿರಬಹುದು. ಪಾಸ್‌ವರ್ಡ್ ಎಂಬ ಬೀಗ ಇರುವುದರಿಂದ ಬಚಾವ್. ಆ ಬೀಗವನ್ನೂ ತೆಗೆದರೆ ಏನಾಗುತ್ತದೆ ಊಹಿಸಿ.

ನಿಮ್ಮ ವೆಬ್‌ಸೈಟ್, ಮೈಎಸ್‌ಕ್ಯೂಎಲ್, ಎಲಾಸ್ಟಿಕ್‌ಸರ್ಚ್ ಎಲ್ಲ ಒಂದೇ ಸರ್ವರ್‌ನಲ್ಲಿವೆ. ಹಾಗಾಗಿ ಆ ಸಾಲನ್ನು ಲೋಕಲ್‌ಹೋಸ್ಟ್ (ಅದೇ ಸರ್ವರ್‌ನ ಒಳಗಿನಿಂದ ಮಾತ್ರ) ಎಂದು ಬದಲಿಸಿ. ಇಲ್ಲೊಂದು ಎಚ್ಚರ. ಕಿಬಾನಾವನ್ನು ಟೋಕನ್ ಕೊಟ್ಟು ಜೋಡಿಸಿದ್ದರೆ ಅದರ ಕಾನ್ಫಿಗ್‌ನಲ್ಲಿ ಸರ್ವರ್‌ನ ಐಪಿ ವಿಳಾಸ ಬರೆದಿರುತ್ತದೆ. ಅದನ್ನೂ ಲೋಕಲ್‌ಹೋಸ್ಟ್ ಮಾಡಿ. ಇಲ್ಲದಿದ್ದರೆ ಮತ್ತೆ ‘ರೆಡಿ ಇಲ್ಲ’ ಎಂದು ಕೂರುತ್ತದೆ. ಬಾಡಿಗೆ ಕಂಪನಿಯ ಪ್ಯಾನೆಲ್‌ನಲ್ಲಿರುವ ಫೈರ್‌ವಾಲ್‌ನಲ್ಲಿ ಎಲಾಸ್ಟಿಕ್‌ಸರ್ಚ್‌ನ 9200, 9300, ಕಿಬಾನಾದ 5601 ಮೂರೂ ಪೋರ್ಟ್‌ಗಳನ್ನು ಮುಚ್ಚಿ. ಮುಂದೆಂದಾದರೂ ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಹಾಕಿದರೆ ನೆನಪಿಡಿ: ಉಬುಂಟುವಿನ ಯುಎಫ್‌ಡಬ್ಲ್ಯು ಫೈರ್‌ವಾಲ್ ಮುಚ್ಚಿದ ಪೋರ್ಟನ್ನೂ ಡಾಕರ್ ತನ್ನ ನಿಯಮ ಬರೆದುಕೊಂಡು ತೆರೆದುಬಿಡುತ್ತದೆ. ಈ ಒಂದು ಕಾರಣಕ್ಕೆ ಮೋಸಹೋದವರು ಬಹಳ ಜನ.

ದುಡ್ಡಿನ ವಿಷಯ ಅರ್ಧ ನಿಜ, ಅರ್ಧ ಗೊಂದಲ. 2021ರ ಜನವರಿಯಲ್ಲಿ ಎಲಾಸ್ಟಿಕ್ ಕಂಪನಿ ತನ್ನ ಲೈಸೆನ್ಸ್ ಬದಲಿಸಿತು. 7.11ರಿಂದ ಅದು ಅಪಾಚೆ ಎಂಬ ಮುಕ್ತ ಲೈಸೆನ್ಸ್‌ನಲ್ಲಿ ಇರಲಿಲ್ಲ. ಆಗ ಅಮೆಜಾನ್‌ನವರು 7.10.2ರಿಂದ ಕವಲೊಡೆದು ಓಪನ್‌ಸರ್ಚ್ ಶುರುಮಾಡಿದರು. 2024ರಲ್ಲಿ ಎಲಾಸ್ಟಿಕ್ ಮತ್ತೆ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸನ್ನೂ ಸೇರಿಸಿತು. ಅದೇ ವರ್ಷ ಓಪನ್‌ಸರ್ಚ್ ಲಿನಕ್ಸ್ ಫೌಂಡೇಶನ್ ಕೈಗೆ ಹೋಯಿತು. ನಿಮ್ಮಂಥವರು ಸ್ವಂತ ಹುಡುಕಾಟಕ್ಕೆ ಬಳಸಲು ಎರಡಕ್ಕೂ ಒಂದು ರೂಪಾಯಿಯೂ ಬೇಡ. ಕಿಬಾನಾದಲ್ಲಿ ಕೆಲವು ಸೌಲಭ್ಯಗಳಿಗೆ ಮಾತ್ರ ದುಡ್ಡು. ಡ್ಯಾಶ್‌ಬೋರ್ಡನ್ನು ಪಿಡಿಎಫ್ ಮಾಡಿ ಕೊಡುವುದು ಅಂಥದ್ದರಲ್ಲಿ ಒಂದು. ಕಮಿಟಿಯವರು ಪಿಡಿಎಫ್ ಕೇಳಿದರೆ ಬ್ರೌಸರ್‌ನ ಪ್ರಿಂಟ್ ಬಟನ್ ಒತ್ತಿ, ಸಾಕು.

16 ಜಿಬಿಯ ಮಾತು ದಿನಕ್ಕೆ ಕೋಟಿಗಟ್ಟಲೆ ಲಾಗ್ ಸಾಲು ನುಂಗುವವರಿಗೆ ಹೇಳಿದ್ದು. 60 ಸಾವಿರ ಪುಸ್ತಕದ ಹೆಸರು, ಲೇಖಕ, ವಿಷಯ ಸೇರಿದರೂ ಇಂಡೆಕ್ಸ್ ಕೆಲವು ನೂರು ಎಂಬಿಯೊಳಗೆ ಮುಗಿಯುತ್ತದೆ. ಜಾವಾ ಬೇರೆ ಹಾಕಬೇಕು ಎಂದು ಯಾರಾದರೂ ಹೇಳಿದರೆ ಅದೂ ಹಳೆಯ ಮಾತು. 2019ರ 7.0ರಿಂದ ಅದರೊಳಗೇ ಜಾವಾ ಬರುತ್ತದೆ.

4 ಜಿಬಿಯಲ್ಲೇ ಸಾಗಿಸುವುದಾದರೆ

ಹೀಪ್‌ಗೆ ಮಿತಿ ಹಾಕುವುದು ಮೊದಲ ಕೆಲಸ. ಕಾನ್ಫಿಗ್ ಫೋಲ್ಡರ್‌ನಲ್ಲಿ ಜೆವಿಎಂ ಆಯ್ಕೆಗಳಿಗೆಂದೇ ಒಂದು ಒಳಫೋಲ್ಡರ್ ಇದೆ. ಅದರಲ್ಲಿ ಸಣ್ಣ ಫೈಲ್ ಮಾಡಿ ಎಕ್ಸ್‌ಎಂಎಸ್ (ಹೀಪ್‌ನ ಆರಂಭದ ಅಳತೆ), ಎಕ್ಸ್‌ಎಂಎಕ್ಸ್ (ಗರಿಷ್ಠ ಅಳತೆ) ಎರಡನ್ನೂ 1 ಜಿಬಿ ಎಂದು ಬರೆಯಿರಿ. ಎರಡೂ ಒಂದೇ ಇರಬೇಕು. ಮುಖ್ಯ ಜೆವಿಎಂ ಫೈಲನ್ನು ಮುಟ್ಟಬೇಡಿ, ಅಪ್‌ಗ್ರೇಡ್ ಹೊತ್ತಿಗೆ ಗೊಂದಲವಾಗುತ್ತದೆ. ಮೆಷಿನ್ ಲರ್ನಿಂಗ್ ಭಾಗ ನಿಮಗೆ ಬೇಡ. ಅದನ್ನು ಕಾನ್ಫಿಗ್‌ನಲ್ಲಿ ಆಫ್ ಮಾಡಿದರೆ ಒಂದಿಷ್ಟು ಮೆಮೊರಿ ಉಳಿಯುತ್ತದೆ.

ಆಮೇಲೆ ಆ ರಾತ್ರಿ ಸ್ಕ್ರಿಪ್ಟ್. ನಿಜವಾದ ಅಪರಾಧಿ ಅದೇ, ಹಾಗಾಗಿ ಅದಕ್ಕೆ ಸ್ವಲ್ಪ ಸಮಯ ಕೊಡಿ. ಗ್ರಂಥಾಲಯದಲ್ಲಿ ದಿನಕ್ಕೆ ಎಷ್ಟು ಪುಸ್ತಕ ಹೊಸದಾಗಿ ಸೇರುತ್ತವೆ? ಹತ್ತೋ ಇಪ್ಪತ್ತೋ. ಅದಕ್ಕಾಗಿ 60 ಸಾವಿರವನ್ನೂ ಮತ್ತೆ ತುಂಬುವುದು ಯಾಕೆ? ಮೈಎಸ್‌ಕ್ಯೂಎಲ್ ಟೇಬಲ್‌ನಲ್ಲಿ ‘ಕೊನೆಗೆ ಬದಲಾದದ್ದು ಯಾವಾಗ’ ಎಂಬ ಕಾಲಂ ಇಟ್ಟು, ಬದಲಾದ ಸಾಲುಗಳನ್ನಷ್ಟೇ ಕಳಿಸಿ. ಪೂರ್ತಿ ತುಂಬಲೇಬೇಕಾದ ದಿನ 500 ಅಥವಾ 1000 ಸಾಲಿನ ಕಂತುಗಳಲ್ಲಿ ಬಲ್ಕ್ ವಿಧಾನದಿಂದ ಕಳಿಸಿ. ಹಳೆಯ ಇಂಡೆಕ್ಸ್ ಅಳಿಸಿ ತುಂಬುವ ಬದಲು ಪಕ್ಕದಲ್ಲಿ ಹೊಸದು ಕಟ್ಟಿ, ಮುಗಿದ ಮೇಲೆ ಏಲಿಯಾಸ್ (ಹುಡುಕಾಟ ಬಳಸುವ ಅಡ್ಡಹೆಸರು) ಹೊಸದರ ಕಡೆಗೆ ತಿರುಗಿಸಿ. ಓದುಗರಿಗೆ ಗೊತ್ತೇ ಆಗುವುದಿಲ್ಲ.

ಕಿಬಾನಾ ಹಗಲಿರುಳು ಓಡಲೇಬೇಕು ಎಂದು ಯಾರೂ ಹೇಳಿಲ್ಲ. ಹುಡುಕಾಟಕ್ಕೆ ಅದು ಬೇಡವೇ ಬೇಡ. ಡ್ಯಾಶ್‌ಬೋರ್ಡ್ ನೋಡುವ ದಿನ ಎಬ್ಬಿಸಿ, ನೋಡಿ, ಮಲಗಿಸಿ. 700 ಎಂಬಿ ಸುಮ್ಮನೆ ಉಳಿಯಿತು. ಇದು ಜುಗಾಡ್ ಅನ್ನಿಸಬಹುದು. ಆದರೆ ಸಣ್ಣ ಸರ್ವರ್‌ಗಳಲ್ಲಿ ನಾನು ಇದನ್ನೇ ಮಾಡುವುದು. ನೋಡಬೇಕಾದಾಗ 5601 ಪೋರ್ಟನ್ನು ಜಗತ್ತಿಗೆ ತೆರೆಯಬೇಡಿ. ನಿಮ್ಮ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ ಟನೆಲ್ (ಸರ್ವರ್‌ವರೆಗಿನ ಗುಪ್ತ ದಾರಿ) ಹಾಕಿಕೊಂಡರೆ ನಿಮ್ಮದೇ ಬ್ರೌಸರ್‌ನಲ್ಲಿ ಕಾಣುತ್ತದೆ. ಲಾಗ್ ಸಂಗ್ರಹಿಸಿ ಕಳಿಸುವ ಲಾಗ್‌ಸ್ಟ್ಯಾಶ್ ಹಾಕಿ ಎಂದು ಯಾರಾದರೂ ಹೇಳಿದರೆ ಕೈ ಮುಗಿಯಿರಿ. ಅದೂ ಜಾವಾ, ಏನೂ ಹೇಳದಿದ್ದರೆ ಇನ್ನೊಂದು 1 ಜಿಬಿ ಹೀಪ್ ಕೇಳುತ್ತದೆ. ವೆಬ್ ಸರ್ವರ್‌ನ ಲಾಗ್ ಕಳಿಸಲು ಫೈಲ್‌ಬೀಟ್ ಸಾಕು.

ಇಷ್ಟು ಮಾಡಿದರೂ 4 ಜಿಬಿ ಎಂದರೆ ಅಂಚಿನ ಮೇಲಿನ ನಡಿಗೆಯೇ.

ಕನ್ನಡದ ಹುಡುಕಾಟ

ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟವಾದ ಭಾಗ ಇದು. ಕೊನೆಯಲ್ಲಿ ಕೇಳಿದ್ದೀರಿ, ಆದರೆ ನಿಮ್ಮ ಓದುಗರಿಗೆ ಮುಖ್ಯವಾದದ್ದೂ ಇದೇ.

ಎಲಾಸ್ಟಿಕ್‌ಸರ್ಚ್‌ನ ಹೊಟ್ಟೆಯಲ್ಲಿರುವುದು ಲೂಸೀನ್ ಎಂಬ ಹಳೆಯ, ಗಟ್ಟಿ ಎಂಜಿನ್. ಅದರ ಮೇಲೆ ಶೇ ಬ್ಯಾನನ್ ಕಟ್ಟಿದ ಎಲಾಸ್ಟಿಕ್‌ಸರ್ಚ್ 2010ರಲ್ಲಿ ಹೊರಬಂತು. ಅಡುಗೆ ಕಲಿಯುತ್ತಿದ್ದ ಹೆಂಡತಿಗೆ ರೆಸಿಪಿ ಹುಡುಕಿಕೊಡಲು ಹೊರಟದ್ದೇ ಇದರ ಮೂಲ ಎಂಬ ಕಥೆ ಈ ವಲಯದಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲಿಷ್‌ಗೆ, ಹಿಂದಿಗೆ, ಬಂಗಾಳಿಗೆ ಪದದ ಬಾಲ ಕತ್ತರಿಸಿ ಮೂಲ ಹುಡುಕುವ ಅನಲೈಸರ್ ಅದರಲ್ಲಿ ಸಿದ್ಧವಾಗಿದೆ. ಕನ್ನಡಕ್ಕೆ ಇಲ್ಲ. ಹೀಗಾಗಿ ‘ಮನೆ’, ‘ಮನೆಯಲ್ಲಿ’, ‘ಮನೆಗಳಿಂದ’ ಮೂರೂ ಅದಕ್ಕೆ ಮೂರು ಬೇರೆ ಬೇರೆ ಪದ. ಹುಡುಕುವವರು ‘ಮನೆ’ ಎಂದರೆ ‘ಮನೆ’ ಮಾತ್ರ ಸಿಗುತ್ತದೆ.

ಪರಿಹಾರ ಇದೆ. ಎಡ್ಜ್ ಎನ್‌ಗ್ರಾಂ ಎಂಬ ಫಿಲ್ಟರ್ ಪ್ರತಿ ಪದವನ್ನೂ ಮೊದಲಿನಿಂದ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ ಇಟ್ಟುಕೊಳ್ಳುತ್ತದೆ. ‘ಮನೆಯಲ್ಲಿ’ ಎಂಬುದರ ತುಂಡುಗಳಲ್ಲಿ ‘ಮನೆ’ಯೂ ಇರುತ್ತದೆ, ಹಾಗಾಗಿ ಸಿಗುತ್ತದೆ. ಆದರೆ ನಿಮ್ಮ ‘ಊರು’ ಇಷ್ಟಕ್ಕೆ ಬಗ್ಗುವುದಿಲ್ಲ. ‘ಊರಿನ’ ಎಂಬುದರಲ್ಲಿ ‘ರ’ದ ಮೇಲೆ ಗುಡಿಸು ಬಂದಿದೆ. ‘ಊರು’ ಎಂಬಲ್ಲಿ ಕೊಂಬಿದೆ. ಕಂಪ್ಯೂಟರಿಗೆ ಇವೆರಡೂ ಬೇರೆ ಅಕ್ಷರ. ಹಾಗಾಗಿ ಹುಡುಕುವ ಪದದ ಕೊನೆಯಲ್ಲಿ ಕೊಂಬು ಇದ್ದರೆ ಅದನ್ನು ತೆಗೆದುಹಾಕುವ ಒಂದು ಪ್ಯಾಟರ್ನ್ ರಿಪ್ಲೇಸ್ ಫಿಲ್ಟರ್ ಸೇರಿಸಿ. ‘ಊರು’ ಹೋಗಿ ‘ಊರ’ ಆಗುತ್ತದೆ. ಅದು ‘ಊರಿನ’, ‘ಊರಲ್ಲಿ’, ‘ಊರುಗಳು’ ಮೂರಕ್ಕೂ ಹೊಂದುತ್ತದೆ. ಎನ್‌ಗ್ರಾಂ ಕತ್ತರಿಸುವುದು ಇಂಡೆಕ್ಸ್ ಮಾಡುವಾಗ ಮಾತ್ರ ಇರಲಿ. ಹುಡುಕುವಾಗ ಬೇರೆ ಅನಲೈಸರ್ ಕೊಡಿ. ಇದನ್ನು ಮರೆತರೆ ‘ಊರು’ ಎಂದವರಿಗೆ ಊಟ, ಊಹೆ ಎಲ್ಲ ಬರಲು ಶುರುವಾಗುತ್ತದೆ.

ಇದರ ಅಡ್ಡಪರಿಣಾಮವನ್ನೂ ಹೇಳಿಬಿಡುತ್ತೇನೆ. ‘ಮಗು’ ಹುಡುಕಿದರೆ ಮಗಳೂ ಬರುತ್ತಾಳೆ. ‘ಕಾಡು’ ಹುಡುಕಿದರೆ ‘ಕಾಡಿಗೆ’ ಬರುತ್ತದೆ. ಅದು ಕಾಡಿಗೆ ಹೋದದ್ದೋ, ಕಣ್ಣಿಗೆ ಹಚ್ಚಿದ್ದೋ ಯಂತ್ರಕ್ಕೇನು ಗೊತ್ತು? ಅದಕ್ಕೇ ಒಂದೇ ಹೆಸರನ್ನು ಎರಡು ಫೀಲ್ಡ್‌ನಲ್ಲಿಡಿ, ಒಂದು ಕತ್ತರಿಸದ್ದು, ಒಂದು ಕತ್ತರಿಸಿದ್ದು. ಕತ್ತರಿಸದ ಫೀಲ್ಡಿಗೆ ಜಾಸ್ತಿ ತೂಕ ಕೊಡಿ. ಆಗ ನಿಖರವಾಗಿ ಹೊಂದಿದ್ದು ಮೇಲೆ ಬರುತ್ತದೆ, ಉಳಿದದ್ದು ಕೆಳಗೆ. ಅಕ್ಷರ ತಪ್ಪಿದರೂ ಹುಡುಕಿಕೊಡುವ ಫಜ್ಜಿ ಸೌಲಭ್ಯವನ್ನು ಕನ್ನಡದಲ್ಲಿ ಹುಷಾರಾಗಿ ಬಳಸಿ. ಅದು ಸ್ವರಚಿಹ್ನೆಯನ್ನೂ ಒಂದು ಅಕ್ಷರವಾಗಿ ಎಣಿಸುತ್ತದೆ. ಅದರ ಲೆಕ್ಕದಲ್ಲಿ ‘ಕಾಡು’ ಮತ್ತು ‘ಕೂಡು’ ನಡುವೆ ಒಂದೇ ಹೆಜ್ಜೆ ದೂರ.

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ‘ಸರ್ವರ್‌ನಲ್ಲಿ’ ಎಂದು ಟೈಪ್ ಮಾಡುವಾಗ ಒತ್ತಕ್ಷರ ಆಗದಂತೆ ಮಧ್ಯೆ ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡಿ, ಇನ್ನೊಬ್ಬರು ಹಾಕದೆ ಹುಡುಕಿದರೆ ಸಿಗುವುದಿಲ್ಲ. ‘ಕೊ’ ಎಂಬುದರ ಸ್ವರಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ನೋಡಲು ಎರಡೂ ಒಂದೇ. ಐಸಿಯು ಎಂಬ ಪ್ಲಗಿನ್ ಹಾಕಿ ಅದರ ನಾರ್ಮಲೈಸರ್ ಸೇರಿಸಿದರೆ ಎರಡೂ ಸರಿಹೋಗುತ್ತವೆ. ಪಟ್ಟಿಯ ಹಳೆಯ ಭಾಗವನ್ನು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ಯಾವ ಪ್ಲಗಿನ್ನೂ ಉಳಿಸದು. ಮೊದಲು ಯೂನಿಕೋಡ್‌ಗೆ ಬದಲಿಸಬೇಕು. ಅನಲೈಸರ್ ಬದಲಿಸಿದ ಮೇಲೆ ಹಳೆಯ ಇಂಡೆಕ್ಸ್ ತಾನಾಗಿ ಬದಲಾಗುವುದಿಲ್ಲ, ಪೂರ್ತಿ ಮತ್ತೆ ತುಂಬಬೇಕು ಎಂಬುದನ್ನೂ ನೆನಪಿಡಿ.

ಡ್ಯಾಶ್‌ಬೋರ್ಡ್ ಮಾಡುವಾಗ

ಮೊದಲ ದಿನ ಎಲ್ಲರೂ ಬೆಚ್ಚುವುದು ಖಾಲಿ ಪುಟ ನೋಡಿ. ಕಿಬಾನಾ ಮೊದಲು ತೋರಿಸುವುದು ಕೊನೆಯ 15 ನಿಮಿಷದ ಡೇಟಾ ಮಾತ್ರ. ಅವಧಿ ಹಿಗ್ಗಿಸಿದರೂ ಬರದಿದ್ದರೆ ಸಮಯ ವಲಯ ನೋಡಿ. ಎಲಾಸ್ಟಿಕ್‌ಸರ್ಚ್ ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ. ಮೈಎಸ್‌ಕ್ಯೂಎಲ್‌ನಿಂದ ‘ಸಂಜೆ 4’ ಎಂದು ವಲಯ ಹೇಳದೆ ಕಳಿಸಿದರೆ ಅದನ್ನು ಯುಟಿಸಿ 4 ಎಂದೇ ತಿಳಿಯುತ್ತದೆ. ಕಿಬಾನಾ ಅದನ್ನು ನಮ್ಮ ಸಮಯಕ್ಕೆ ತಿರುಗಿಸಿ ರಾತ್ರಿ 9.30 ಎನ್ನುತ್ತದೆ. ಈಗ ನಡೆದದ್ದು ಐದೂವರೆ ಗಂಟೆ ಮುಂದಿನ ಭವಿಷ್ಯದಲ್ಲಿ ಕೂತಿರುತ್ತದೆ, ನೀವು ಇಲ್ಲಿ ಹುಡುಕುತ್ತಿರುತ್ತೀರಿ. ಕಳಿಸುವಾಗಲೇ +05:30 ಎಂದು ಸೇರಿಸಿ.

ಕಮಿಟಿಗೆ ಏನು ತೋರಿಸುವುದು? ಎಷ್ಟು ಜನ ಬಂದರು ಎಂಬ ಬಣ್ಣದ ಚಕ್ರ ಮಾಡಬಹುದು, ಅವರಿಗೆ ಖುಷಿಯಾಗುತ್ತದೆ. ನನ್ನ ಕೇಳಿದರೆ, ಹುಡುಕಿ ಏನೂ ಸಿಗದ ಪದಗಳ ಪಟ್ಟಿಯೇ ಚಿನ್ನ. ಪ್ರತಿ ಹುಡುಕಾಟದ ಪದ, ಸಿಕ್ಕ ಉತ್ತರಗಳ ಸಂಖ್ಯೆ, ಸಮಯ ಇಷ್ಟನ್ನು ಬೇರೆ ಇಂಡೆಕ್ಸ್‌ಗೆ ಬರೆಯಿರಿ. ಸೊನ್ನೆ ಬಂದವನ್ನು ಎಣಿಸಿ ತೋರಿಸಿ. ಯಾವ ಪುಸ್ತಕ ತರಿಸಬೇಕು, ಯಾವ ಹೆಸರನ್ನು ಪಟ್ಟಿಯಲ್ಲಿ ತಪ್ಪಾಗಿ ಟೈಪ್ ಮಾಡಿದ್ದೀರಿ, ಎರಡೂ ಅದರಲ್ಲೇ ಕಾಣುತ್ತದೆ. ಹುಡುಕಿದವರು ಯಾರು ಎಂಬುದನ್ನು ಬರೆದುಕೊಳ್ಳಬೇಡಿ, ಅದರ ಅಗತ್ಯವಿಲ್ಲ.

ಕಿಬಾನಾದಲ್ಲಿ ಇಂಡೆಕ್ಸ್‌ನ ಸ್ಥಿತಿ ಹಳದಿ ಬಣ್ಣದಲ್ಲಿ ಕಂಡರೆ ಹೆದರಬೇಡಿ. ಪ್ರತಿ ಇಂಡೆಕ್ಸ್‌ಗೂ ಇನ್ನೊಂದು ಸರ್ವರ್‌ನಲ್ಲಿ ನಕಲು ಇಡಬೇಕು ಎಂದು ಎಲಾಸ್ಟಿಕ್‌ಸರ್ಚ್ ಬಯಸುತ್ತದೆ. ನಿಮ್ಮಲ್ಲಿ ಇರುವುದೇ ಒಂದು. ನಕಲಿನ ಸಂಖ್ಯೆ ಸೊನ್ನೆ ಮಾಡಿದರೆ ಹಸಿರಾಗುತ್ತದೆ. ಡಿಸ್ಕ್ ಮಾತ್ರ ಗಮನಿಸಿ. 85 ಶೇಕಡಾ ತುಂಬಿದಾಗ ಗೊಣಗಾಟ ಶುರು, 95 ದಾಟಿದರೆ ಬರೆಯುವುದನ್ನೇ ನಿಲ್ಲಿಸುತ್ತದೆ. ಲಾಗ್ ಇಂಡೆಕ್ಸ್‌ಗಳನ್ನು 30 ದಿನಕ್ಕೆ ಅಳಿಸುವ ಪಾಲಿಸಿ ಹಾಕಿ. ಒಳಗಿನ ಸಾಲುಗಳನ್ನು ಅಳಿಸಿದರೆ ಜಾಗ ಕೂಡಲೇ ಸಿಗುವುದಿಲ್ಲ, ಇಂಡೆಕ್ಸ್ ಪೂರ್ತಿ ತೆಗೆಯಬೇಕು.

ಹಾಗಾದರೆ ಯಾವ ದಾರಿ?

8 ಜಿಬಿ ಸರ್ವರ್‌ಗೆ ಹೋಗಿ, ಹೀಪ್ 2 ಜಿಬಿ ಕೊಡಿ. ಕಮಿಟಿ ಒಪ್ಪಿದರೆ ನನ್ನ ಓಟು ಇದಕ್ಕೆ. ಬಾಡಿಗೆ ಏರುತ್ತದೆ, ಆದರೆ ನಿಮ್ಮ ನಿದ್ದೆ ಉಳಿಯುತ್ತದೆ. ಓಪನ್‌ಸರ್ಚ್‌ಗೆ ಹೋದರೆ ಮೆಮೊರಿ ಉಳಿಯುತ್ತದೆ ಎಂದುಕೊಳ್ಳಬೇಡಿ. ಅದೂ ಅದೇ ವಂಶ, ಹಸಿವೂ ಅಷ್ಟೇ. ಕಂಪನಿಗಳೇ ನಡೆಸಿಕೊಡುವ ಕ್ಲೌಡ್ ಸೇವೆ ತೆಗೆದುಕೊಂಡರೆ ಈ ತಲೆನೋವು ಯಾವುದೂ ಇಲ್ಲ. ಆದರೆ ಬಿಲ್ ಬಹುತೇಕ ಡಾಲರ್‌ನಲ್ಲಿ ಬರುತ್ತದೆ, ಟ್ರಸ್ಟ್‌ನ ಲೆಕ್ಕಪರಿಶೋಧಕರಿಗೆ ಪ್ರತಿ ತಿಂಗಳು ಬೇರೆ ಬೇರೆ ಅಂಕಿ ವಿವರಿಸುವ ಕೆಲಸ ನಿಮ್ಮದು.

ಇನ್ನೊಂದು ದಾರಿ ಇದೆ, ಕೇಳಿ ಬೇಜಾರಾಗಬೇಡಿ. ನಿಮಗೆ ಎಲಾಸ್ಟಿಕ್‌ಸರ್ಚ್ ಬೇಕೇ ಬೇಕು ಎಂದೇನಿಲ್ಲ. 60 ಸಾವಿರ ಸಾಲಿನಲ್ಲಿ ‘ಊರ’ ಎಂಬ ತುಂಡು ಎಲ್ಲಿದೆ ಎಂದು ಮೈಎಸ್‌ಕ್ಯೂಎಲ್‌ನ ಲೈಕ್ ಪ್ರಶ್ನೆಯಲ್ಲಿ ಕೇಳಿದರೂ ಒಂದು ಸೆಕೆಂಡಿನೊಳಗೆ ಉತ್ತರ ಬರುತ್ತದೆ. ಡ್ಯಾಶ್‌ಬೋರ್ಡಿಗೆ ಗ್ರಫಾನಾ ಹಾಕಿದರೆ ಅದು ನೇರ ಮೈಎಸ್‌ಕ್ಯೂಎಲ್‌ಗೇ ಜೋಡಣೆಯಾಗುತ್ತದೆ, ಕಿಬಾನಾಗಿಂತ ಹಗುರ. ಕಳೆದುಕೊಳ್ಳುವುದೇನು? ಯಾವ ಉತ್ತರ ಮೇಲೆ ಬರಬೇಕು ಎಂಬ ತೂಕದ ಲೆಕ್ಕ, ಮತ್ತು ಮುಂದೆ ಪುಸ್ತಕಗಳ ಒಳಪುಟಗಳನ್ನೂ ಸ್ಕ್ಯಾನ್ ಮಾಡಿ ಹುಡುಕುವ ಅವಕಾಶ. ಒಳಪುಟಗಳ ಯೋಜನೆ ಇದ್ದರೆ ಎಲಾಸ್ಟಿಕ್‌ಸರ್ಚ್ ಇರಲಿ. ಬರೀ ಪಟ್ಟಿ ಸಾಕು ಎಂದಾದರೆ ಕಮಿಟಿಯನ್ನು ಕೇಳಿ ತೀರ್ಮಾನಿಸಿ.

ಯಾವ ದಾರಿ ಹಿಡಿದರೂ ಈ ವಾರವೇ ಮಾಡಬೇಕಾದ ಎರಡು ಕೆಲಸ. ಎಲಾಸ್ಟಿಕ್‌ಸರ್ಚ್, ಕಿಬಾನಾ ಎರಡೂ ಪ್ಯಾಕೇಜ್‌ಗಳನ್ನು ಉಬುಂಟುವಿನಲ್ಲಿ ಹೋಲ್ಡ್ ಮಾಡಿಡಿ, ತಾವಾಗಿ ಅಪ್‌ಗ್ರೇಡ್ ಆಗದಿರಲಿ. ಕಿಬಾನಾ ಒಂದೇ ಮುಂದೆ ಹೋದರೆ ಹಿಂದಿರುವ ಎಲಾಸ್ಟಿಕ್‌ಸರ್ಚ್ ಜೊತೆ ಮಾತಾಡುವುದಿಲ್ಲ, ಒಮ್ಮೆ ಮುಂದೆ ಹೋದ ಡೇಟಾ ಹಳೆಯ ಆವೃತ್ತಿಗೆ ಮರಳುವುದೂ ಇಲ್ಲ. ಎರಡನೆಯದು, ನೀವು ಮಾಡಿದ ಡ್ಯಾಶ್‌ಬೋರ್ಡ್‌ಗಳನ್ನು ಕಿಬಾನಾದ ಸೇವ್ಡ್ ಆಬ್ಜೆಕ್ಟ್ಸ್ ಪುಟದಿಂದ ಎಕ್ಸ್‌ಪೋರ್ಟ್ ಮಾಡಿ ಒಂದು ಕಡೆ ಇಡಿ. ಪುಸ್ತಕದ ಪಟ್ಟಿ ಮೈಎಸ್‌ಕ್ಯೂಎಲ್‌ನಲ್ಲಿದೆ, ಏನೇ ಆದರೂ ಮತ್ತೆ ತುಂಬಬಹುದು. ಡ್ಯಾಶ್‌ಬೋರ್ಡ್ ಹಾಗಲ್ಲ, ಹೋದರೆ ನೀವೇ ಕೂತು ಮೊದಲಿನಿಂದ ಮಾಡಬೇಕು. ಕರ್ನಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಸಾಲು ಸಿಗದೇ ಹೋದರೆ ಮತ್ತೆ ಬರೆಯಿರಿ. ಆಗ ಆ ರಾತ್ರಿಯ ಮೆಮೊರಿ ಲೆಕ್ಕವನ್ನೂ, ಎಲಾಸ್ಟಿಕ್‌ಸರ್ಚ್ ಲಾಗ್‌ನ ಕೊನೆಯ ಐವತ್ತು ಸಾಲನ್ನೂ ಜೊತೆಗೆ ಕಳಿಸಿ. ಪಾಸ್‌ವರ್ಡ್, ಐಪಿ ವಿಳಾಸ ಅಳಿಸಿ ಕಳಿಸಿ.